ಗೇಮ್ ಕಟ್ಟುವವರೇ, ಕಣಕ್ಕೆ ಬನ್ನಿ!

ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಸ್ವಂತ ಗೇಮ್ ಕಟ್ಟುತ್ತಿರುವ ಕನ್ನಡದ ಗೆಳೆಯರೇ, ಒಂದು ಪ್ರಶ್ನೆ. ನಿಮ್ಮ ನಾಯಕನ ಕೈಯಲ್ಲಿ ಯಾವ ದೇಶದ ಕತ್ತಿ ಇದೆ? ಅವನ ಊರಲ್ಲಿ ಯಾಕೆ ಹಿಮ ಬೀಳುತ್ತಿದೆ? ಹಿಮ ನೀವೂ ಕಂಡಿಲ್ಲ, ನಿಮ್ಮಪ್ಪನೂ ಕಂಡಿಲ್ಲ. ಇನ್ನೊಬ್ಬನ ಗೇಮಿನಲ್ಲಿ ಕಂಡಿರಿ. ಅವನು ಮತ್ತೊಬ್ಬನ ಗೇಮಿನಲ್ಲಿ ಕಂಡಿದ್ದ. ಗೇಮ್ ನೋಡಿ ಗೇಮ್ ಕಟ್ಟಿದರೆ ಹುಟ್ಟುವುದು ನಕಲಿನ ನಕಲು!

ಹೆಸರು ಮಾಡಿದವರು ಹೀಗೆ ಮಾಡಲಿಲ್ಲ. ಜಪಾನಿನ ಸತೋಶಿ ತಾಜಿರಿಗೆ ಬಾಲ್ಯದಲ್ಲಿ ಹುಳ ಹಿಡಿಯುವ ಹುಚ್ಚು. ಅದೇ ಹುಚ್ಚು 1996ರಲ್ಲಿ ಪೋಕೆಮಾನ್ ಆಯಿತು. ಲೂಕಸ್ ಪೋಪ್ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ತಪಾಸಣೆ ನೋಡಿ ನೋಡಿ 2013ರಲ್ಲಿ ‘ಪೇಪರ್ಸ್, ಪ್ಲೀಸ್’ ತಂದ. ತಮಿಳು ಮೂಲದ ತರುಣನೊಬ್ಬ ಟೊರಾಂಟೊದಲ್ಲಿ ತಂಡ ಕಟ್ಟಿ 2023ರಲ್ಲಿ ‘ವೆಣ್ಬಾ’ ತಂದ. ಅದರಲ್ಲೇನಿದೆ? ಕೆನಡಾಕ್ಕೆ ಹೋದ ತಾಯಿ, ಅಕ್ಷರ ಅಳಿಸಿದ ಅಡುಗೆ ಪುಸ್ತಕ, ಇಡ್ಲಿ. ಮರುವರ್ಷ ಬಾಫ್ಟಾ ಪ್ರಶಸ್ತಿ! ಇಡ್ಲಿ ನಮ್ಮ ಮನೆಯಲ್ಲೂ ಬೇಯುತ್ತದೆ ಸ್ವಾಮಿ.

ಈಗ ನಮ್ಮ ವಿಜಯಪುರ ಜಿಲ್ಲೆಯ ಮನಗೂಳಿಯ ಕಡೆ ಬನ್ನಿ. ಎರೆಮಣ್ಣು, ಬಿಳಿಜೋಳದ ಸೀಮೆ. ಹಿಂದೆ ಇಲ್ಲಿ ರಾಶಿ ಎಂದರೆ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವುದು. ಅದೇ ಹಂತಿ. ಎಲ್ಲ ಎತ್ತಿಗೂ ಹಗ್ಗ ಒಂದೇ, ನಡಿಗೆ ಒಂದಲ್ಲ. ಮೇಟಿ ಬದಿಯ ಎತ್ತು ನಿಂತಲ್ಲೇ ತಿರುಗಿದ ಹಾಗೆ ತಿರುಗುತ್ತದೆ. ಹೊರತುದಿಯದು ಅಷ್ಟೇ ಹೊತ್ತಿನಲ್ಲಿ ಇಡೀ ಕಣ ಸುತ್ತಬೇಕು. ಅದಕ್ಕೇ ಮುದಿ ಎತ್ತು ಒಳಗೆ, ಹುರುಪಿನದು ಹೊರಗೆ. ತಪ್ಪಿ ಕಟ್ಟಿದಿರೋ, ಸಾಲೇ ಕೆಡುತ್ತದೆ. ರಾತ್ರಿಯೆಲ್ಲ ತುಳಿಸಬೇಕು, ನಿದ್ದೆ ಹತ್ತಬಾರದು. ಅದಕ್ಕೆ ಹಂತಿ ಪದ. ಒಬ್ಬ ಹಾಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ, ಎತ್ತು ಹೆಜ್ಜೆ ಹಾಕುತ್ತದೆ.

ವೇಗ, ದಣಿವು, ತಾಳ, ಯಾರನ್ನು ಎಲ್ಲಿ ಕಟ್ಟಬೇಕೆಂಬ ಲೆಕ್ಕ. ಇದು ಗೇಮ್ ಅಲ್ಲದೆ ಮತ್ತೇನು?

ಇದೇ ಸೀಮೆಯ ಹರದೇಶಿ-ನಾಗೇಶಿ ಕೇಳಿದ್ದೀರಾ? ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಕತ್ತಿಯಿಲ್ಲದ ಕಾಳಗ!

ಎಚ್ಚರ. ನಾಯಕನಿಗೆ ರುಮಾಲು ಸುತ್ತಿ, ಹಿಂದೆ ಗೋಳಗುಮ್ಮಟ ನಿಲ್ಲಿಸಿ ‘ಕನ್ನಡದ ಗೇಮ್’ ಎನ್ನಬೇಡಿ. ಅದು ಬರೀ ವೇಷ. ಕಣದಿಂದ ತರಬೇಕಾದ್ದು ಆಟದ ನಿಯಮ. ಈ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಪುಸ್ತಕ ಓದಿಕೊಂಡವರೇ. ಆದರೂ ಬೀಸುವ ಕಲ್ಲಿನ ಮುಂದಿನ ಹೆಂಗಸರ ಪದಗಳಿಗೆ ಕಿವಿಗೊಟ್ಟರು, ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು.

‘ಕನ್ನಡ ಹಾಕಿದರೆ ಒತ್ತಕ್ಷರ ಒಡೆಯುತ್ತದೆ’ ಎಂಬ ನೆಪ ಇನ್ನು ಬೇಡ. ಬಿಟ್ಟಿ ಸಿಗುವ ಗೇಮ್ ಎಂಜಿನ್ ಗೋಡೋದ 4ನೇ ಆವೃತ್ತಿ 2023ರಲ್ಲೇ ಬಂದಿದೆ. ಅದು ನಮ್ಮ ಒತ್ತು, ಗುಣಿತ ಸರಿಯಾಗಿ ಜೋಡಿಸುತ್ತದೆ. ಒಡೆದಿರುವುದು ಅಕ್ಷರವೋ, ನಮ್ಮ ಮನಸ್ಸೋ?

ಹೊತ್ತು ಮಾತ್ರ ಹೆಚ್ಚಿಲ್ಲ. ಈಗ ರಾಶಿ ಮಾಡುವುದು ಮಷೀನು. ಟಾರು ರಸ್ತೆಗೆ ತೆನೆ ಹರಡಿ ಲಾರಿ ಚಕ್ರದಿಂದ ತುಳಿಸುವವರೂ ಇದ್ದಾರೆ. ಹಂತಿ ಪದ ಉಳಿದಿರುವುದು ಹಲ್ಲು ಉದುರಿದ ಬಾಯಿಗಳಲ್ಲಿ. ಜೋಳದ ಸುಗ್ಗಿ ಬರುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಬೆಂಗಳೂರಿನಿಂದ ವಿಜಯಪುರಕ್ಕೆ ರಾತ್ರಿ ಬಸ್ಸಿದೆ, ಹೆದ್ದಾರಿಯಲ್ಲೇ ಸಿಗುತ್ತದೆ ಮನಗೂಳಿ. ಲ್ಯಾಪ್‌ಟಾಪ್ ಕೋಣೆಯಲ್ಲೇ ಇರಲಿ, ಧ್ವನಿ ಹಿಡಿಯಲು ಮೊಬೈಲ್ ಸಾಕು. ಪದ ಹೇಳಿದ ಅಜ್ಜನ ಒಪ್ಪಿಗೆ ಕೇಳಿ, ಹೆಸರು ಬರೆದುಕೊಳ್ಳಿ. ಗೇಮ್ ಮುಗಿದಾಗ ಪರದೆಯ ಮೇಲೆ ನಿಮ್ಮ ಹೆಸರಿಗಿಂತ ಮೊದಲು ಅದು ಬರಬೇಕು. ದುಡ್ಡು ಬಂದರೆ ಅದರಲ್ಲೂ ಅವನ ಪಾಲು ಕೊಡಿ.