ಪೈಗಳ ಮನೆಮಾತು ಕನ್ನಡವಲ್ಲ

"ಪ್ರತಿಭೆ ಹುಟ್ಟಿನಿಂದಲೇ ಬರಬೇಕು ಮಾಷ್ಟ್ರೇ, ಕಲಿಸಿದರೆ ಬರುವುದಲ್ಲ." ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗಲೆಲ್ಲ ನಮಗೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ನೆನಪಾಗುತ್ತಾರೆ. ಮನೆಮಾತು ಕೊಂಕಣಿ, ಊರಿನ ಮಾತು ತುಳು. ಆದರೂ 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿದ್ದು ಕನ್ನಡದ ಕಾವ್ಯಕ್ಕೆ. ಬುದ್ಧಿ ಹುಟ್ಟಿನಿಂದ ಬಂದಿರಬಹುದು, ಅದಕ್ಕೆ ನಮ್ಮ ತಕರಾರಿಲ್ಲ. ಕನ್ನಡ ಎಲ್ಲಿಂದ ಬಂತು? ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂಥ ಗುರು ಸಿಕ್ಕಿದ್ದರು. ಆಮೇಲೆ ಮನೆ ತುಂಬ ಪುಸ್ತಕ.

ನಮ್ಮ ಕ್ಲಾಸಿನಲ್ಲೂ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡುವ ಮಕ್ಕಳೇ ಹೆಚ್ಚು. ಅವರಿಗೆ ಸಿಕ್ಕಿದ್ದೇನು? ಕನ್ನಡ ಓದಲು ಬಾರದ ಒಬ್ಬ ಮಾಷ್ಟ್ರು, ಮತ್ತೆ ಬೀಗ ಹಾಕಿದ ಒಂದು ಪುಸ್ತಕದ ಕಪಾಟು. ಕೀಲಿಕೈ ಯಾರಲ್ಲಿದೆಯೋ ಯಾರಿಗೂ ಗೊತ್ತಿಲ್ಲ. "ಈ ಮಕ್ಕಳಲ್ಲಿ ಪ್ರತಿಭೆಯೇ ಇಲ್ಲ" ಅನ್ನುವವರು ಮೊದಲು ಅದನ್ನು ಹುಡುಕಿ ಕೊಡಲಿ.