ಫಲಕದ ಮೇಲೆ ಇಲ್ಲದ ಹೆಸರು

"ಸರ್, ನಿವೃತ್ತರಾದರೂ ನಿಮ್ಮ ಸಿಟ್ಟು ನಿವೃತ್ತವಾಗಿಲ್ಲ" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ತಮಾಷೆ ಮಾಡುವುದುಂಟು. ಒಪ್ಪುತ್ತೇನೆ. ಆದರೆ ಈ ಬರಹದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಮಂಗಳೂರಿನ ಮಗಳ ಮನೆಗೆ ಹೊರಟಿದ್ದೆ. ಹೊರಡುವ ಮುನ್ನಾ ದಿನ ನಮ್ಮ ಮುಧೋಳದಲ್ಲಿ ಗ್ಯಾರೇಜು ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಸಿಕ್ಕ. "ಸರ್ರ, ಮಂಗಳೂರಿಗೆ ಹೊಂಟೀರಂತಲ್ಲ. ಅಲ್ಲಿ ಸಮುದ್ರದ ದಂಡಿಗೆ ಹಳೇ ಕಾರಿನ ಪ್ರದರ್ಶನ ಐತಿ. ನಾ ತಯಾರ ಮಾಡಿದ ಫಿಯಾಟ್ ಒಂದು ಅಲ್ಲಿ ನಿಲ್ಲತೈತ್ರಿ. ಒಮ್ಮೆ ನೋಡ್ಕೊಂಡು ಬರ್ರಿ" ಎಂದ. ಆ ಕಾರು ಜಮಖಂಡಿ ಕಡೆಯ ತೋಟವೊಂದರ ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತಂತೆ. ಹಿಂದಿನ ಆಸನದಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಇವನು ಹದಿನಾಲ್ಕು ತಿಂಗಳು ಅದರ ಕೆಳಗೆ ಮಲಗಿ ಎದ್ದು, ಅಂಗಡಿಯಲ್ಲಿ ಸಿಗದ ಬುಶ್‌ಗಳನ್ನು ಲೇತ್ ಮೇಲೆ ತಾನೇ ಕಡೆದು, ಜಾಮಾಗಿದ್ದ ಎಂಜಿನ್ನಿಗೆ ಜೀವ ಕೊಟ್ಟಿದ್ದ.

ಪ್ರದರ್ಶನದ ದಿನ ಮಗಳು, ಮೊಮ್ಮಗನೊಂದಿಗೆ ಹೋದೆ. ಸೊಗಸಾದ ನೋಟವೇ ಅದು. ಅಂಬಾಸಡರ್, ಮಾರಿಸ್ ಮೈನರ್, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪು, ನಮ್ಮ ಮೈಸೂರಿನ ಜಾವಾ ಬೈಕುಗಳು ಸಾಲಾಗಿ ನಿಂತಿದ್ದವು. ಕಡಲಿನ ಉಪ್ಪುಗಾಳಿ ಕಬ್ಬಿಣಕ್ಕೆ ಶತ್ರು. ಮಾಲೀಕರು ಗಳಿಗೆಗೊಮ್ಮೆ ಬಟ್ಟೆಯಿಂದ ಒರೆಸುತ್ತಿದ್ದರು. ಎಳನೀರು ಕುಡಿಯುತ್ತಾ ಸಾಲು ಸಾಲು ನೋಡಿ ಬಂದ ನನಗೆ ಕೊನೆಗೆ ಆ ಕೆನೆಬಣ್ಣದ ಫಿಯಾಟ್ ಕಂಡಿತು. ಅದರ ಮುಂದೆ ಚೆಂದದ ಫಲಕ: ಫಿಯಾಟ್ 1100 ಡಿಲೈಟ್, 1966, 1089 ಸಿಸಿ, ಮಾಲೀಕರ ಹೆಸರು, ಊರು. ಕೆಳಗೊಂದು ಸಾಲು: "ಮೂಲ ಸ್ಥಿತಿಗೆ ಮರಳಿಸಲಾಗಿದೆ."

ಮರಳಿಸಲಾಗಿದೆ! ಯಾರಿಂದ?

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ವ್ಯಾಕರಣ ಕಲಿಸಿದವನು ನಾನು. ಕರ್ಮಣಿ ಪ್ರಯೋಗದಲ್ಲಿ ಕರ್ತೃವಿಗೆ ತೃತೀಯಾ ವಿಭಕ್ತಿ ಹಚ್ಚಿ ಹೇಳಬೇಕು ಎಂದು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೋ! ಕರ್ತೃವನ್ನೇ ಮಾಯ ಮಾಡಲು ಆ ಪ್ರಯೋಗ ಎಷ್ಟು ಅನುಕೂಲವೆಂಬುದು ಅಂದು ಸಮುದ್ರದ ದಂಡೆಯಲ್ಲಿ ನನಗೆ ಅರಿವಾಯಿತು. ಮಾಲೀಕರನ್ನು ವಿನಯದಿಂದಲೇ ಕೇಳಿದೆ. "ಓ, ಆ ಕಡೆಯ ಯಾರೋ ಒಬ್ಬ ಫಿಟರ್" ಎಂದು ನಕ್ಕರು. ಹದಿನಾಲ್ಕು ತಿಂಗಳ ದುಡಿಮೆಗೆ ದೊರೆತ ಹೆಸರು "ಯಾರೋ ಒಬ್ಬ".

ಇದು ಒಬ್ಬ ಮಾಲೀಕರ ದೋಷವಲ್ಲ, ನಮ್ಮೆಲ್ಲರ ರೂಢಿ. ಹಳೆಯ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ನಿಯಮಗಳನ್ನು ಪ್ರಕಟಿಸಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 'ವಿಎ' ಎಂಬ ಅಕ್ಷರಗಳುಳ್ಳ ವಿಶೇಷ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ. ನಿಯಮ ಒಳ್ಳೆಯದೇ. ಆದರೆ ಮೂಲ ರೂಪ ತನ್ನಷ್ಟಕ್ಕೆ ಉಳಿದೀತೇ? ಈ ಫಿಯಾಟ್ ಹೊರಬಂದ ಮುಂಬೈ ಕುರ್ಲಾದ ಕಾರ್ಖಾನೆ ಕಾರು ತಯಾರಿಸುವುದನ್ನು ನಿಲ್ಲಿಸಿ ಎರಡು ದಶಕಗಳೇ ಕಳೆದವು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಮೈಸೂರಿನ ಜಾವಾ ಕಾರ್ಖಾನೆ 1996ರಲ್ಲಿಯೇ ಬಾಗಿಲು ಹಾಕಿತು. ಕಂಪನಿಗಳು ಕೈಬಿಟ್ಟ ಮೇಲೆ ಈ ವಾಹನಗಳನ್ನು ಉಳಿಸಿದ್ದು ಊರೂರಿನ ಮಿಸ್ತ್ರಿಗಳ ಎಣ್ಣೆಗೈಗಳು.

"ಮಾಲೀಕ ಹಣ ಹಾಕಿದ್ದಾನೆ, ಮಿಸ್ತ್ರಿಗೆ ಕೂಲಿ ಸಂದಿದೆ, ಇನ್ನೇನು ಬೇಕು?" ಎಂದು ನನ್ನ ಅಳಿಯಂದಿರು ವಾದಿಸಿದರು. ಅವರಿಗೆ ನಾನು ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲನ್ನು ನೆನಪಿಸಿದೆ. ಎಂಟನೆಯ ಶತಮಾನದಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಚಾಲುಕ್ಯರ ರಾಣಿ ಲೋಕಮಹಾದೇವಿ. ಹಣ ಅವಳದು, ಆಜ್ಞೆ ಅವಳದು. ಆದರೂ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು, ಅವನಿಗೆ ಸಂದ 'ತ್ರಿಭುವನಾಚಾರಿ' ಎಂಬ ಬಿರುದಿನ ಸಮೇತ, ಅಲ್ಲಿಯ ಶಾಸನದಲ್ಲಿದೆ. ಕೂಲಿ ಅವನಿಗೂ ಸಂದಿರಬೇಕಲ್ಲವೇ? ರಾಣಿಯ ಕೀರ್ತಿ ಅದರಿಂದ ಕುಗ್ಗಿತೇ? ಕಲ್ಲಿನಲ್ಲಿ ಹೆಸರು ಕೆತ್ತಿಸುವ ಔದಾರ್ಯ ಅಂದಿನವರಿಗಿತ್ತು. ರಟ್ಟಿನ ಫಲಕದ ಮೇಲೆ ಒಂದು ಸಾಲು ಬರೆಸಲು ನಮಗೆ ಮನಸ್ಸಿಲ್ಲ.

ಕಾರಿನ ಚರಿತ್ರೆಯೂ ಇದಕ್ಕೆ ಹೊರತಲ್ಲ. 1888ರ ಆಗಸ್ಟ್‌ನಲ್ಲಿ ಬರ್ಥಾ ಬೆಂಜ್ ಎಂಬ ಧೀರ ಮಹಿಳೆ, ಪತಿ ಕಾರ್ಲ್ ಬೆಂಜ್ ರಚಿಸಿದ ಕಾರಿನಲ್ಲಿ ಇಬ್ಬರು ಮಕ್ಕಳೊಂದಿಗೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಿದಳು. ದಾರಿಯಲ್ಲಿ ಚೈನು ಕೆಟ್ಟಾಗ ಕಮ್ಮಾರನೊಬ್ಬ ಸರಿಪಡಿಸಿದ. ಬ್ರೇಕು ಸವೆದಾಗ ಬೂಟು ಹೊಲಿಯುವವನೊಬ್ಬ ಚರ್ಮ ಹೊದಿಸಿಕೊಟ್ಟ. ಕಾರ್ಲನ ಹೆಸರು ಇಂದಿಗೂ ಕಾರಿನ ಮೇಲಿದೆ. ಬರ್ಥಾಳನ್ನು ಜಗತ್ತು ನೆನೆಯುತ್ತದೆ. ಕಮ್ಮಾರ ಮಾತ್ರ ಕಥೆಯಲ್ಲಿ 'ಕಮ್ಮಾರನೊಬ್ಬ'ನಾಗಿಯೇ ಉಳಿದ.

ಈಗ ನನ್ನ ಪಾಲಿನ ಸಿಟ್ಟಿಗೆ ಬರುತ್ತೇನೆ. ಆ ಹುಡುಗ ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಒಂದು ದಿನ ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸಲು ಹೇಳಿದೆ. ಬರಲಿಲ್ಲ. ಇಡೀ ತರಗತಿಯ ಎದುರಿಗೆ, "ನೀ ಗ್ಯಾರೇಜಿನ್ಯಾಗ ಪಾನಾ ಹಿಡಿಯಾಕ ಲಾಯಕ್ ಅದೀ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮರು ವರ್ಷ ಅವನು ಶಾಲೆಗೆ ಬರಲಿಲ್ಲ. ಅಂದು ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ ನಿಮಗೆ ನೆನಪಿರಬಹುದು. ನನಗಂತೂ ಕಡಲ ದಂಡೆಯಲ್ಲಿ ಆ ನಗೆ ಮತ್ತೆ ಕೇಳಿಸಿತು. ಬಿ.ಎಡ್. ತರಬೇತಿಯಲ್ಲಿ ಮಕ್ಕಳ ಮನೋವಿಜ್ಞಾನ ಓದಿ ಬಂದವನು ನಾನು. ಪಾನಾ ಹಿಡಿಯುವುದನ್ನು ಶಿಕ್ಷೆಯೆಂದು ಕಲಿಸಿದವನೂ ನಾನೇ. ಕಾಯಕವನ್ನು ಕೈಲಾಸವೆಂದ ಶರಣರ ಕುರಿತು ಪಾಠ ಮಾಡಿ, ಗಂಟೆ ಬಾರಿಸಿದೊಡನೆ ಕಾಯಕದ ಹೆಸರಿನಿಂದ ಮಕ್ಕಳನ್ನು ಬೈಯುತ್ತಿದ್ದೆವು. ಮಾಲೀಕರು ಫಲಕದಿಂದ ಹೆಸರು ಅಳಿಸಿದ್ದು ನಂತರ. ಹಾಜರಿ ಪುಸ್ತಕದಿಂದ ಅಳಿಸಿದವನು ನಾನು ಮೊದಲಿಗ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಹಳೆಯ ವಾಹನಗಳನ್ನು ಪ್ರೀತಿಯಿಂದ ಕಾಪಾಡುವ ಮಹನೀಯರೇ, ನಿಮ್ಮ ಫಲಕಗಳಿಗೆ ಒಂದು ಸಾಲು ಸೇರಿಸಿ. ಪ್ರದರ್ಶನ ಏರ್ಪಡಿಸುವವರು ಆ ಸಾಲಿಲ್ಲದ ಕಾರಿಗೆ ಬಹುಮಾನ ಕೊಡದಿರಲಿ. ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳೇ, ಓದದ ಮಗುವಿಗೆ ಗ್ಯಾರೇಜಿನ ಭಯ ತೋರಿಸಬೇಡಿ. ಅದೇ ಮಗುವಿಗೆ ಐಟಿಐ ದಾರಿಯನ್ನು ಗೌರವದಿಂದ ತೋರಿಸಿ. ಕಾರು ಕೊಂಡಿರುವ ಉಳಿದವರೇ, ರಿಪೇರಿಗೆ ಹೋದಾಗ "ಏ" ಎಂದು ಕರೆಯದೆ ಹೆಸರು ಕೇಳಿ, "ರೀ" ಹಚ್ಚಿ ಮಾತನಾಡಿಸಿ. ಇದಕ್ಕೆ ಖರ್ಚಿಲ್ಲ.

ಊರಿಗೆ ಮರಳಿ ನೇರ ಅವನ ಗ್ಯಾರೇಜಿಗೆ ಹೋದೆ. ಅಂದಿನ ಮಾತಿಗೆ ಕ್ಷಮೆ ಕೇಳಿದೆ. "ಬಿಡ್ರಿ ಸರ್ರ, ನೀವು ಹೇಳಿದ್ದ ಖರೇ ಆತು" ಎಂದು ನಗುತ್ತಾ ಕುರ್ಚಿ ಒರೆಸಿ ಕೊಟ್ಟ. ಫಲಕದ ವಿಷಯ ಹೇಳಿದಾಗ, "ಇರಲಿ ಬಿಡ್ರಿ, ಗಾಡಿ ಚಾಲೂ ಐತಿಲ್ಲೋ?" ಎಂದ. ನಾನಾದರೂ ನಿನ್ನ ಹೆಸರು ಬರೆಯುತ್ತೇನೆ ಎಂದೆ. ಅವನ ಮುಖ ಬಾಡಿತು. "ಬ್ಯಾಡ್ರಿ ಸರ್ರ. ಆ ಸಾಹೇಬ್ರು ಬ್ಯಾಸರ ಮಾಡ್ಕೋತಾರ. ಮುಂದಿನ ಗಾಡಿ ನನ್ನ ಕಡೆ ಬರಂಗಿಲ್ಲ" ಎಂದ.

ಅದಕ್ಕಾಗಿಯೇ, ಹೆಸರು ಬರೆಯಿರಿ ಎಂದು ಇಷ್ಟೆಲ್ಲ ಕೂಗಾಡಿದ ಈ ಬರಹದಲ್ಲಿಯೂ ಅವನ ಹೆಸರಿಲ್ಲ. ತನ್ನ ದುಡಿಮೆಗೆ ತನ್ನ ಹೆಸರು ಹೇಳಿಕೊಳ್ಳಲು ಒಬ್ಬ ಅಂಜಬೇಕಾಗಿದೆ. ನನ್ನ ಸಿಟ್ಟು ಏಕೆ ಕಡಿಮೆಯಾಗಿಲ್ಲವೆಂದು ಇನ್ನು ಮುಂದೆ ಯಾರೂ ಕೇಳಲಾರಿರಿ ಎಂದು ಭಾವಿಸುತ್ತೇನೆ.