ಸಾವಿನ ಕಾರಣ ಬರೆಯುವವರುಂಟು, ಓದುವವರೆಲ್ಲಿ?

ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಆಸ್ಪತ್ರೆಯಲ್ಲಿ ಯಾರೇ ತೀರಿಕೊಂಡರೂ ಸಾವಿನ ಕಾರಣದ ಪ್ರಮಾಣಪತ್ರವನ್ನು ಉಚಿತವಾಗಿ ಬರೆದು ನೋಂದಣಾಧಿಕಾರಿಗೆ ಕಳಿಸಲೇಬೇಕು, ಒಂದು ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಬಹಳ ದಿನಗಳಿಂದ ಆಗಬೇಕಿದ್ದ ಒಳ್ಳೆಯ ಕೆಲಸವಿದು. ಆದರೆ ಹೀಗೆ ಬಂದು ಸೇರುವ ಹಾಳೆಗಳನ್ನು ಕೂತು ಓದಿ, ಸಾವಿನ ಮೂಲ ಕಾರಣವನ್ನು ಹೆಕ್ಕಿ, ಅದಕ್ಕೆ ಸರಿಯಾದ ಕೋಡ್, ಅಂದರೆ ಆ ಕಾರಣವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಕೇತ, ಕೊಡುವವರು ಯಾರು? ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ನೇಮಕಾತಿ ಪ್ರಕಟಣೆಗಳಲ್ಲೂ ಕಾಣುತ್ತಿಲ್ಲ. ಸಾವಿನ ಕಾರಣವನ್ನು ಕೋಡ್ ಮಾಡುವುದನ್ನೇ ವೃತ್ತಿಯಾಗಿ ಹಿಡಿದ ಒಂದು ಪಡೆಯನ್ನು ಈಗಲೇ ಕಟ್ಟದಿದ್ದರೆ, ಮುಂದಿನ ಸಾಂಕ್ರಾಮಿಕವೋ ವಿಷವೋ ಕಲಬೆರಕೆ ಔಷಧವೋ ನಮ್ಮ ಕಣ್ಣೆದುರೇ ಜನರನ್ನು ಕೊಂದು, ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಇದು ದೂರದ ಭಯವಲ್ಲ. ಸೂಚನೆಗಳು ಈಗಾಗಲೇ ಕಾಣಿಸಿವೆ.

ಮೊದಲ ಸೂಚನೆ ಅಂಕಿಗಳಲ್ಲೇ ಇದೆ. 2021ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳು 1.02 ಕೋಟಿ. ಅವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 23.4ರಷ್ಟಕ್ಕೆ ಮಾತ್ರ. ಅಂದರೆ ನಾಲ್ಕರಲ್ಲಿ ಮೂರು ಸಾವುಗಳು ಕಾರಣವಿಲ್ಲದೆಯೇ ಕಡತ ಸೇರಿದವು. ಈ ಅಂಕಿಗಳ ವರದಿ ಹೊರಬಂದದ್ದಾದರೂ ಯಾವಾಗ? 2025ರ ಮೇ ತಿಂಗಳಲ್ಲಿ. ಕೋವಿಡ್ ಎರಡನೇ ಅಲೆಯ ವರ್ಷದಲ್ಲಿ ನಮ್ಮವರು ಯಾವುದರಿಂದ ಸತ್ತರು ಎಂದು ತಿಳಿಯಲು ನಾಲ್ಕು ವರ್ಷ ಕಾಯಬೇಕಾಯಿತು.

ಎರಡನೇ ಸೂಚನೆ ನಮ್ಮ ಹಾಸನದಿಂದಲೇ ಬಂತು. ಆ ವರದಿ ಹೊರಬಿದ್ದ ಬೆನ್ನಿಗೇ, 2025ರ ಮೇ ಕೊನೆಯಿಂದ ಜುಲೈವರೆಗೆ, ಆ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಕುಸಿದು ಬೀಳುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಗಾಬರಿಗೊಂಡ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ರಚಿಸಿತು. ಸಮಿತಿ ಒಂದೊಂದು ಸಾವಿನ ದಾಖಲೆಯನ್ನೂ ತಡಕಿ, ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಅಲ್ಲ ಎಂದು ಕಂಡುಕೊಂಡಿತು. ಅದರ ಹಿಂದಿನ ವರ್ಷ ಇದೇ ತಿಂಗಳುಗಳಲ್ಲಿ, ಇದೇ ವಯಸ್ಸಿನವರಲ್ಲಿ ಎಷ್ಟು ಮಂದಿ ಹೀಗೆ ತೀರಿಕೊಂಡಿದ್ದರು? ಜನರ ಆತಂಕ ಇಳಿಸಲು ಬೇಕಿದ್ದದ್ದು ಈ ಒಂದು ಪ್ರಶ್ನೆಗೆ ಉತ್ತರ. ತಾಲ್ಲೂಕುವಾರು, ತಿಂಗಳುವಾರು ಕೋಡ್ ಆದ ಲೆಕ್ಕ ಕೈಯಲ್ಲಿದ್ದಿದ್ದರೆ ಅದನ್ನು ಒಂದೇ ದಿನದಲ್ಲಿ ಹೇಳಬಹುದಿತ್ತು. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ ಆಮೇಲೆ ಹೇಳಿದ್ದು ಸರಿಯಾದ ಹೆಜ್ಜೆಯೇ. ಆದರೆ ವರದಿಯಾದದ್ದನ್ನು ವರ್ಗೀಕರಿಸುವವರಿಲ್ಲದಿದ್ದರೆ ಮುಂದಿನ ಹಾಸನದಲ್ಲೂ ಇದೇ ಗಾಬರಿ ಮರುಕಳಿಸುತ್ತದೆ.

ಈ ಕೆಲಸ ಏನೆಂದು ತಿಳಿಯಲು ಒಂದು ಹಾಳೆಯನ್ನು ಕೈಗೆತ್ತಿಕೊಳ್ಳೋಣ. ಆಸ್ಪತ್ರೆಯ ಸಾವಿಗೆ ತುಂಬುವುದು ನಮೂನೆ 4. ಭಾಗ 1ರಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ಮೇಲಿನ ಸಾಲಿಗೆ ನೇರವಾಗಿ ಪ್ರಾಣ ತೆಗೆದ ಸ್ಥಿತಿ, ಅದರ ಕೆಳಗೆ ಆ ಸ್ಥಿತಿಯನ್ನು ತಂದದ್ದು, ತಳದಲ್ಲಿ ಎಲ್ಲಕ್ಕೂ ಮೂಲವಾದ ಕಾಯಿಲೆ ಅಥವಾ ಗಾಯ. ಪಕ್ಕದಲ್ಲಿ ಒಂದೊಂದೂ ಶುರುವಾಗಿ ಎಷ್ಟು ದಿನವಾಗಿತ್ತು ಎಂಬ ಅಂಕಣ. ಭಾಗ 2ರಲ್ಲಿ ಸಾವಿಗೆ ಒತ್ತಾಸೆಯಾದ ಇತರ ಕಾಯಿಲೆಗಳು. ತೀರಿಕೊಂಡವರು ಹೆಂಗಸಾಗಿದ್ದರೆ ಸಾವಿಗೂ ಬಸಿರಿಗೂ ಸಂಬಂಧವಿತ್ತೇ ಎಂಬ ಪ್ರಶ್ನೆ. ಇಷ್ಟೇ. ಆದರೆ ರಾತ್ರಿ ಪಾಳಿಯಲ್ಲಿ ದಣಿದ ಕಿರಿಯ ವೈದ್ಯರು ಎಷ್ಟೋ ಸಲ ಮೇಲಿನ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದು ಬರೆದು, ಉಳಿದೆರಡನ್ನು ಖಾಲಿ ಬಿಟ್ಟು ಸಹಿ ಹಾಕಿಬಿಡುತ್ತಾರೆ. ಹೃದಯ, ಉಸಿರು ನಿಲ್ಲುವುದು ಎಲ್ಲ ಸಾವಿನಲ್ಲೂ ಆಗುವುದೇ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಈಗ ಇನ್ನೊಂದು ಹಾಳೆ. ಎ ಸಾಲಿನಲ್ಲಿ ಸೆಪ್ಟಿಕ್ ಶಾಕ್, ಬಿ ಸಾಲಿನಲ್ಲಿ ಕಾಲಿನ ಗ್ಯಾಂಗ್ರೀನ್, ಭಾಗ 2ರ ಮೂಲೆಯಲ್ಲಿ ಟೈಪ್ 2 ಸಕ್ಕರೆ ಕಾಯಿಲೆ. ಕೆಲಸ ಗೊತ್ತಿಲ್ಲದವರು ಇದನ್ನು ಸೋಂಕಿನ ಸಾವೆಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ತರಬೇತಾದ ಕೋಡರ್ ಅಲ್ಲಿ ನಿಲ್ಲುತ್ತಾರೆ. ಕಾಲು ಕೊಳೆಯಲು ಸಕ್ಕರೆ ಕಾಯಿಲೆಯೇ ಮೂಲವೆಂಬುದು ಅವರಿಗೆ ಗೊತ್ತು. ವೈದ್ಯರು ಅದನ್ನು ತಪ್ಪು ಜಾಗದಲ್ಲಿ ಬರೆದಿದ್ದರೂ ನಿಯಮದ ಪ್ರಕಾರ ಎತ್ತಿಕೊಂಡು ಇ 11.5 ಎಂದು ಕೋಡ್ ಕೊಡುತ್ತಾರೆ. ಗದ್ದೆಯಲ್ಲಿ ಹಾವು ಕಚ್ಚಿ, ಮೂರನೇ ದಿನ ಮೂತ್ರಪಿಂಡ ಸೋತು ತೀರಿಕೊಂಡ ರೈತನ ಹಾಳೆಯಲ್ಲಿ ‘ಕಿಡ್ನಿ ವೈಫಲ್ಯ’ ಎಂದಷ್ಟೇ ಇದ್ದರೆ ಅದು ಎನ್ 19 ಆಗುತ್ತದೆ. ಹಾವು ಲೆಕ್ಕದಿಂದ ಮಾಯವಾಗುತ್ತದೆ. ಕೋಡರ್ ಅನುಮಾನಗೊಂಡು ವೈದ್ಯರಿಗೆ ಪತ್ರ ಬರೆದು ಕೇಳಿದರೆ ಮಾತ್ರ ಅದು ವಿಷಸರ್ಪದ ಎಕ್ಸ್ 20 ಆಗುತ್ತದೆ. ಮಲೆನಾಡಿನಲ್ಲಿ ‘ಜ್ವರ’ ಎಂದು ಮುಗಿಸಿದ ಸಾವಿಗೂ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಎ 98.2ಕ್ಕೂ ಇರುವ ಅಂತರ ಇಷ್ಟೇ: ಯಾರೋ ಒಬ್ಬರು ತಾಳ್ಮೆಯಿಂದ ಕೇಳಿದ ಒಂದು ಪ್ರಶ್ನೆ.

ಈ ಕೋಡ್‌ಗಳ ಮೂಲ 1893ರಷ್ಟು ಹಿಂದಿನದು. ಫ್ರಾನ್ಸ್‌ನ ಜಾಕ್ ಬರ್ಟಿಲಾನ್ ಆ ವರ್ಷ ಶಿಕಾಗೊದಲ್ಲಿ ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಮುಂದಿಟ್ಟರು. ಅದು ಪರಿಷ್ಕರಣೆಗೊಳ್ಳುತ್ತ ಇಂದಿನ ಐಸಿಡಿ, ಅಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಆಗಿದೆ. ದೇಶದೇಶಗಳ ನಡುವೆ ಸಾವನ್ನು ಹೋಲಿಸಲು ಸಾಧ್ಯವಾಗಿರುವುದು ಇದರಿಂದಲೇ. ಇದರ ಫಲವೇನು ಎಂದರೆ ಒಂದು ನಿದರ್ಶನ ಸಾಕು. 1960ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5ರಿಂದ 34 ವರ್ಷದವರ ಆಸ್ತಮಾ ಸಾವುಗಳು ಏರುತ್ತಿರುವುದು ಮರಣ ದಾಖಲೆಗಳಲ್ಲಿ ಕಾಣಿಸಿತು. ಸಂಶೋಧಕರು ಬೆನ್ನು ಹತ್ತಿದಾಗ ಅನುಮಾನ ಆಗಷ್ಟೇ ಜನಪ್ರಿಯವಾಗಿದ್ದ ಇನ್‌ಹೇಲರ್‌ಗಳ ಅತಿಬಳಕೆಯ ಮೇಲೆ ಬಿತ್ತು. ಎಚ್ಚರಿಕೆ ಹೊರಟಿತು, ವೈದ್ಯರ ಚೀಟಿಯಿಲ್ಲದ ಮಾರಾಟ ನಿಂತಿತು, ಸಾವುಗಳು ಇಳಿದವು. ಆಸ್ತಮಾ ಸಾವನ್ನು ಆಸ್ತಮಾ ಸಾವೆಂದೇ ಕೋಡ್ ಮಾಡುವ ಜನ ಅಲ್ಲಿದ್ದದ್ದರಿಂದ ಇದು ಸಾಧ್ಯವಾಯಿತು.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧದ ಪಾಠ ಹಾವಿನ ಕಡಿತದ್ದು. ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಎರಡು ಸಾವಿರ ಮುಟ್ಟುವುದಿಲ್ಲವೆಂದು ಆಸ್ಪತ್ರೆಗಳ ಲೆಕ್ಕ ಬಹುಕಾಲ ಹೇಳುತ್ತಿತ್ತು. ಭಾರತದ ಮಹಾ ನೋಂದಣಾಧಿಕಾರಿ ಕಚೇರಿಯ ಜತೆಗೂಡಿ ನಡೆದ ‘ಮಿಲಿಯನ್ ಡೆತ್ ಸ್ಟಡಿ’ಯಲ್ಲಿ ಸಮೀಕ್ಷಕರು ಸಾವಾದ ಮನೆಗಳಿಗೇ ಹೋಗಿ, ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡರು. ಪ್ರತಿ ಬರಹವನ್ನೂ ಇಬ್ಬರು ತರಬೇತಾದ ವೈದ್ಯರು ಬೇರೆಬೇರೆಯಾಗಿ ಓದಿ ಕೋಡ್ ಕೊಟ್ಟರು. 2011ರಲ್ಲಿ ಪ್ರಕಟವಾದ ಫಲಿತಾಂಶ: ವರ್ಷಕ್ಕೆ ಸುಮಾರು 46,000 ಸಾವು. ಆಸ್ಪತ್ರೆಗಳ ಲೆಕ್ಕಕ್ಕಿಂತ 30 ಪಟ್ಟಿಗೂ ಹೆಚ್ಚು. ಹೊಲದಲ್ಲಿ, ದಾರಿಯಲ್ಲಿ, ಮನೆಯಲ್ಲಿ ಸತ್ತವರನ್ನು ಎಣಿಸಿದವರೇ ಇರಲಿಲ್ಲ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಹೆಜ್ಜೆಯ ಹಿಂದೆ ಇಂಥ ಎಣಿಕೆಯ ಬಲವಿದೆ.

ಹಾಗಾದರೆ ಕೋಡಿಂಗ್ ಬಲ್ಲವರು ನಮ್ಮಲ್ಲಿ ಇಲ್ಲವೇ? ಬೇಕಾದಷ್ಟಿದ್ದಾರೆ. ಅಮೆರಿಕ 2015ರ ಅಕ್ಟೋಬರ್‌ನಲ್ಲಿ ತನ್ನ ಆಸ್ಪತ್ರೆ ಬಿಲ್‌ಗಳಿಗೆ ಐಸಿಡಿ–10ರ ತನ್ನದೇ ಆವೃತ್ತಿಯನ್ನು ಕಡ್ಡಾಯ ಮಾಡಿದ ಮೇಲೆ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ ಹುಲುಸಾಗಿ ಬೆಳೆಯಿತು. ನರ್ಸಿಂಗ್, ಫಾರ್ಮಸಿ, ಜೀವವಿಜ್ಞಾನ ಓದಿದ ನಮ್ಮ ಹುಡುಗ ಹುಡುಗಿಯರು ರಾತ್ರಿ ಹಗಲೆನ್ನದೆ ಅಲ್ಲಿನ ರೋಗಿಗಳ ವಿಮೆ ಬಿಲ್‌ಗಳಿಗೆ ಕೋಡ್ ಹಾಕುತ್ತಿದ್ದಾರೆ. ಅವರ ದುಡಿಮೆಯ ಬಗ್ಗೆ ನಮಗೆ ಗೌರವವಿದೆ. ನೋವಿರುವುದು ಬೇರೆಯದಕ್ಕೆ. ಅದೇ ಹುಡುಗಿ ತನ್ನ ಜಿಲ್ಲೆಯ ಸಾವುಗಳನ್ನು ಕೋಡ್ ಮಾಡುತ್ತೇನೆಂದರೆ ಸೇರಲು ಹುದ್ದೆಯಿಲ್ಲ, ಹತ್ತಲು ಬಡ್ತಿಯ ಮೆಟ್ಟಿಲಿಲ್ಲ. ಜಿಲ್ಲಾಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ, ನೋಂದಣಿ ಕಚೇರಿಯಲ್ಲಿ ಈ ಕೆಲಸ ಹತ್ತು ಕೆಲಸಗಳ ಜತೆ ಹನ್ನೊಂದನೆಯದಾಗಿ ಯಾರದೋ ಮೇಜಿನ ಮೇಲೆ ಬೀಳುತ್ತದೆ.

ನೆಲ ಮಾತ್ರ ಹದವಾಗಿದೆ. 2021ರ ಕೇಂದ್ರ ಕಾಯ್ದೆ ಪೂರಕ ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಕ್ಲಿನಿಕಲ್ ಕೋಡರ್ ಎಂಬ ಹೆಸರನ್ನು ಸೇರಿಸಿದೆ. ಮಣಿಪಾಲದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯ ಪದವಿ, ಸ್ನಾತಕೋತ್ತರ ಪದವಿ ಎರಡೂ ಇವೆ. ಸಾವಿನ ಕಾರಣ ದಾಖಲಿಸುವ ತಂತ್ರಾಂಶ ರೂಪಿಸಿದ, 2020ರಲ್ಲಿ ಕೋವಿಡ್ ಸಾವನ್ನು ಹೇಗೆ ಬರೆಯಬೇಕೆಂದು ದೇಶಕ್ಕೆ ಮಾರ್ಗಸೂಚಿ ಕೊಟ್ಟ ಐಸಿಎಂಆರ್‌ನ ರೋಗ ಮಾಹಿತಿ ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಕಲಿಸುವವರಿದ್ದಾರೆ, ಕಲಿಯುವವರಿದ್ದಾರೆ. ನಡುವೆ ಇಲ್ಲದಿರುವುದು ಹುದ್ದೆಯೊಂದೇ.

ಕಂಪ್ಯೂಟರ್ ಇರುವಾಗ ಮನುಷ್ಯರೇಕೆ ಎಂದು ಕೇಳುವವರಿದ್ದಾರೆ. ಈ ವಾದವನ್ನು ತಳ್ಳಿಹಾಕಬೇಕಿಲ್ಲ. ಅಮೆರಿಕ ದಶಕಗಳಿಂದ, ಹಲವು ದೇಶಗಳು ‘ಐರಿಸ್’ ತಂತ್ರಾಂಶದ ಮೂಲಕ, ಹೆಚ್ಚಿನ ಸಾವುಗಳನ್ನು ಯಂತ್ರದಿಂದಲೇ ಕೋಡ್ ಮಾಡುತ್ತಿವೆ. ಆದರೆ ಯಂತ್ರ ಕೈಚೆಲ್ಲಿದ ಹಾಳೆಗಳನ್ನು ಬಿಡಿಸಲು ಆ ದೇಶಗಳು ನುರಿತ ಕೋಡರ್‌ಗಳನ್ನು ಉಳಿಸಿಕೊಂಡಿವೆ. ಕೋವಿಡ್ ಬಂದಾಗ ಅಮೆರಿಕದಲ್ಲಿ ಅದರ ಸಾವುಗಳನ್ನು ಮೊದಮೊದಲು ಕೋಡ್ ಮಾಡಿದ್ದು ಮನುಷ್ಯರೇ, ಏಕೆಂದರೆ ಹೊಸ ರೋಗದ ಪರಿಚಯ ಯಂತ್ರಕ್ಕಿರಲಿಲ್ಲ. ಹೊಸದನ್ನು ಮೊದಲು ಗುರುತಿಸಬೇಕಾದ ಕ್ಷಣದಲ್ಲೇ ಯಂತ್ರ ಕುರುಡಾಗುತ್ತದೆ. ‘ಹೃದಯ ನಿಂತಿತು’ ಎಂಬ ಹಾಳೆಯನ್ನು ಯಂತ್ರಕ್ಕೆ ಕೊಟ್ಟರೆ ಅದು ಅದನ್ನೇ ಇನ್ನಷ್ಟು ವೇಗವಾಗಿ ಎಣಿಸುತ್ತದೆ, ಅಷ್ಟೇ. ಆ ವೈದ್ಯರಿಗೆ ಫೋನ್ ಮಾಡಿ ‘ಡಾಕ್ಟ್ರೇ, ಇದರ ಹಿಂದೆ ಏನಿತ್ತು?’ ಎಂದು ಕೇಳಿ ಉತ್ತರ ಬರೆಸಿಕೊಳ್ಳಲು ಒಬ್ಬ ಮನುಷ್ಯ ಬೇಕೇ ಬೇಕು.

ಕಾಲವೂ ಕಾಯುವುದಿಲ್ಲ. 2022ರ ಜನವರಿ 1ರಿಂದ ಐಸಿಡಿ–11 ಜಾರಿಗೆ ಬಂದಿದೆ. ಅದರ ಕೋಡ್‌ಗಳ ರಚನೆಯೇ ಬೇರೆ. ಇಂದಲ್ಲ ನಾಳೆ ನಮ್ಮ ನೋಂದಣಿಯೂ ಅದಕ್ಕೆ ಹೊರಳಲೇಬೇಕು. ಹಳೆಯದರಲ್ಲೇ ನುರಿತವರು ಸಾಲದಿರುವಾಗ ಹೊಸದಕ್ಕೆ ಹಾರಿದರೆ ಎರಡು ಪಟ್ಟಿಗಳ ನಡುವೆ ಕೆಲವು ವರ್ಷಗಳ ಲೆಕ್ಕವೇ ಕಲಸಿಹೋಗುತ್ತದೆ. ಆಗ ಒಂದು ರೋಗ ಏರಿದ್ದು ನಿಜವೋ, ಕೋಡ್ ಬದಲಾದದ್ದರ ಫಲವೋ ಎಂದು ಹೇಳುವವರೂ ಸಿಗುವುದಿಲ್ಲ.

ಆದ್ದರಿಂದ ರಾಜ್ಯ ಸರ್ಕಾರ ಈ ಕೆಲಸಗಳನ್ನು ಈ ಬಜೆಟ್ ವರ್ಷದಲ್ಲೇ ಆರಂಭಿಸಬೇಕು. ಜನನ ಮರಣ ಮುಖ್ಯ ನೋಂದಣಾಧಿಕಾರಿ ಕಚೇರಿಯಲ್ಲಿ ಮರಣ ಕಾರಣ ಕೋಡಿಂಗ್ ಘಟಕ, ಪ್ರತಿ ಜಿಲ್ಲೆಯಲ್ಲಿ ಕಾಯಂ ಕೋಡರ್ ಹುದ್ದೆಗಳು, ಅವಕ್ಕೆ ಬಡ್ತಿಯ ದಾರಿ ಮತ್ತು ಖಾಸಗಿ ಕೋಡಿಂಗ್ ಕಂಪನಿಗಳಿಗೆ ಸರಿಸಾಟಿಯಾದ ಸಂಬಳ ಬೇಕು. ಬಿಲ್ ಕೋಡಿಂಗ್ ಬಲ್ಲವರಿಗೆ ಮರಣ ಕೋಡಿಂಗ್‌ನ ನಿಯಮ ಕಲಿಸುವ ಸೇತು ಕೋರ್ಸ್ ಬೆಂಗಳೂರು, ಮಣಿಪಾಲಗಳಲ್ಲಿ ಶುರುವಾಗಲಿ. ಕೋಡರ್ ಕೇಳಿದ ಪ್ರಶ್ನೆಗೆ ವೈದ್ಯರು ಇಂತಿಷ್ಟು ದಿನದಲ್ಲಿ ಉತ್ತರಿಸಬೇಕೆಂಬ ನಿಯಮ ಬರಲಿ. ನಮೂನೆ 4ನ್ನು ಸರಿಯಾಗಿ ತುಂಬಿ ತೋರಿಸದೆ ಇಂಟರ್ನ್‌ಶಿಪ್ ಮುಗಿಯಬಾರದು. ಮನೆಯಲ್ಲೇ ಆಗುವ ಸಾವುಗಳಿಗೆ, ‘ವಯಸ್ಸಾಗಿತ್ತು’, ‘ಎದೆನೋವು ಬಂತು’ ಎಂದಷ್ಟೇ ಬರೆದು ಮುಗಿಸದೆ, ಆರೋಗ್ಯ ಕಾರ್ಯಕರ್ತೆಯರು ಮನೆಯವರನ್ನು ಕನ್ನಡ, ತುಳು, ಕೊಂಕಣಿ, ಉರ್ದುವಿನಲ್ಲಿ ವಿಚಾರಿಸಿ ಬರೆಯುವ ಪದ್ಧತಿ ಬರಲಿ, ಅದನ್ನು ಓದಿ ಕೋಡ್ ಮಾಡುವವರು ಜಿಲ್ಲೆಯಲ್ಲೇ ಇರಲಿ. ಫಲಿತಾಂಶ ವರ್ಷಗಳ ನಂತರ ದಪ್ಪ ಪುಸ್ತಕವಾಗಿ ಬರುವುದು ಬೇಡ, ಮೂರು ತಿಂಗಳಿಗೊಮ್ಮೆ ಜಿಲ್ಲಾವಾರು ಪ್ರಕಟವಾಗಲಿ.

ಇದಕ್ಕೆ ತಗಲುವ ಹಣ ಒಂದು ದೊಡ್ಡ ಆಸ್ಪತ್ರೆ ಕಟ್ಟಡದ ಖರ್ಚಿಗೂ ಸಮನಾಗಲಿಕ್ಕಿಲ್ಲ. ಆದರೆ ಎಲ್ಲಿ ಆಸ್ಪತ್ರೆ ಬೇಕು, ಯಾವ ತಾಲ್ಲೂಕಿಗೆ ಹಾವಿನ ವಿಷದ ಔಷಧ ಹೋಗಬೇಕು, ಯಾವ ಊರಿನ ಬಾಣಂತಿಯರು ರಕ್ತಸ್ರಾವದಿಂದ ಸಾಯುತ್ತಿದ್ದಾರೆ ಎಂದು ತಿಳಿಸುವುದು ಈ ಲೆಕ್ಕವೇ. ಕೋವಿಡ್ ಕಾಲದಲ್ಲಿ ಈ ಲೆಕ್ಕ ತಡವಾಗಿ ಬಂದದ್ದರ ಬೆಲೆಯನ್ನು ನಾವು ತೆತ್ತಿದ್ದೇವೆ. 2020ರಲ್ಲಿ 1,60,618 ಮಂದಿ ಕೋವಿಡ್‌ನಿಂದ ತೀರಿಕೊಂಡರೆಂದು ವೈದ್ಯಕೀಯ ಪ್ರಮಾಣಪತ್ರಗಳು ಹೇಳಿದವು. ಆ ವರ್ಷದ ಅಧಿಕೃತ ಎಣಿಕೆಗಿಂತ ಇದು ಹೆಚ್ಚು, ಅದೂ ನೋಂದಣಿಯಾದ ಸಾವುಗಳ ಶೇ 22.5ರಷ್ಟನ್ನು ನೋಡಿದಾಗಲೇ. ಆ ಅಂಕಿ ನಮ್ಮ ಕೈಸೇರಿದ್ದು 2022ರ ಮೇನಲ್ಲಿ, ಎರಡನೇ ಅಲೆ ಎಷ್ಟೋ ಮನೆಗಳನ್ನು ಬರಿದು ಮಾಡಿ ಒಂದು ವರ್ಷವಾದ ಮೇಲೆ. ಅಂಥ ತಡವನ್ನು ಇನ್ನೊಮ್ಮೆ ತಾಳಿಕೊಳ್ಳುವ ಶಕ್ತಿ ಈ ನಾಡಿಗಿಲ್ಲ. ಕೋಡರ್ ಒಬ್ಬರು ಪಳಗಲು ವರ್ಷಗಳು ಬೇಕು. ಕಾಯಿಲೆ ಬಂದ ಮೇಲೆ ಪ್ರಕಟಣೆ ಹೊರಡಿಸಿ ತಂದುಕೊಳ್ಳಲಾಗುವ ಜನರಲ್ಲ ಅವರು. ನೇಮಕಾತಿಯ ಆದೇಶ ಈ ವರ್ಷವೇ ಹೊರಡಲಿ.